ಪೈಪು ಸೇದುವ ರಾಕ್ಷಸ

“ಅತ್ತೆ, ರಾಕ್ಷಸನನ್ನು ಇಡುವುದಾ, ಬಿಡುವುದಾ?” ಎಂದು ತಮ್ಮನ ಮಗ ಕೇಳಿದಾಗ ನಾನು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ರಜೆಗೆ ಬಂದ ಹುಡುಗ ಚಾವಡಿಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಏನೋ ಆಟದ ಸಿದ್ಧತೆಯಲ್ಲಿದ್ದ. ಮಣೆಯಿಲ್ಲ, ಕಾಯಿಗಳಿಲ್ಲ, ಹಲವು ಮುಖದ ದಾಳಗಳು ಮತ್ತು ಒಂದು ದಪ್ಪ ಪುಸ್ತಕ ಮಾತ್ರ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಕೂತಲ್ಲೇ ಮಾತಾಡುತ್ತಾರೆ. ತಾಳಮದ್ದಳೆ ಕೇಳಿ ಬೆಳೆದ ನನಗೆ ಅದು ವಿಚಿತ್ರವೆನಿಸಲಿಲ್ಲ. ಆದರೆ ಎದುರಾಳಿಗಳನ್ನು ಆರಿಸುವುದು ಕಥೆ ನಡೆಸುವವನ ಕೆಲಸವಂತೆ. ಆ ಪುಸ್ತಕದಲ್ಲಿ ಹುಲಿಮುಖದ ರಾಕ್ಷಸನ ಚಿತ್ರ ಕಂಡು, ಇವನು ಅಲ್ಲಿಗೆ ಹೇಗೆ ಹೋದ ಎಂಬ ಕುತೂಹಲ ನನಗೆ ಅಂಟಿತು.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಹೊರಬಂತು. ಕರ್ತೃಗಳು ಇಬ್ಬರು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಹೋದ ಮೇಲೆ ಜೋಡು ರಿಪೇರಿ ಮಾಡಿ ಸಂಸಾರ ನಡೆಸಿದವನು. 1977ರಲ್ಲಿ ಅವನು ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಎಂಬ 112 ಪುಟಗಳ ಪುಸ್ತಕ ತಂದ. ಅದರಲ್ಲಿ 350ಕ್ಕೂ ಹೆಚ್ಚು ಭೂತ, ಮೃಗ, ದೈತ್ಯರಿದ್ದಾರೆ. ಪ್ರತಿಯೊಬ್ಬರಿಗೂ ಇಷ್ಟು ಬಲ, ಇಷ್ಟು ವೇಗ, ಒಳ್ಳೆಯವನೋ ಕೆಟ್ಟವನೋ, ಕೊಂದರೆ ಎಷ್ಟು ನಿಧಿ ಎಂಬ ಲೆಕ್ಕ. ನಮ್ಮ ಹಾಜರಿ ಪುಸ್ತಕಕ್ಕಿಂತ ಕಟ್ಟುನಿಟ್ಟು.

ಯಾರನ್ನು ಸೇರಿಸಬೇಕೆಂಬುದಕ್ಕೆ ಮಾತ್ರ ಕಟ್ಟುನಿಟ್ಟಿನ ನಿಯಮವೇನೂ ಇದ್ದಂತಿಲ್ಲ. ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಒಂದು ಪೊಟ್ಟಣ ಕೊಂಡಿದ್ದ. ಪ್ರಾಚೀನ ಪ್ರಾಣಿಗಳೆಂದು ಮಾರಾಟವಾಗುತ್ತಿದ್ದ, ಯಾವ ಪ್ರಾಣಿಯನ್ನೂ ಹೋಲದ ಹಾಂಗ್‌ಕಾಂಗ್ ಸರಕು. ಗೂಬೆ ತಲೆಯ ಕರಡಿ, ಕಬ್ಬಿಣಕ್ಕೆ ತುಕ್ಕು ಹಿಡಿಸುವ ಹುಳದಂಥ ಜಂತು ಹುಟ್ಟಿದ್ದು ಅದರಿಂದಲೇ. ಇನ್ನು ಕೆಲವರನ್ನು ವಕೀಲರು ಹೊರಗೆ ಹಾಕಿದರು. ಟೋಲ್ಕಿನ್ನನ ಕಾದಂಬರಿಯ ‘ಹಾಬಿಟ್’ಗಳಿಗೆ ಹಕ್ಕುದಾರರ ಆಕ್ಷೇಪ ಬಂದಾಗ ‘ಹಾಫ್‌ಲಿಂಗ್’ ಎಂದು ಹೆಸರು ಬದಲಾಯಿತು. ಜೀವಿ ಅದೇ, ಹೆಸರು ಬೇರೆ.

ನಮ್ಮ ರಾಕ್ಷಸ ಬಂದದ್ದು ವಾಲ್ಮೀಕಿಯಿಂದಲ್ಲ, ಟಿ.ವಿ.ಯಿಂದ. 1974ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಕೋಲ್ಚಾಕ್’ ಧಾರಾವಾಹಿಯ ಒಂದು ಕಂತಿನಲ್ಲಿ ರಾಕ್ಷಸನೊಬ್ಬ ಷಿಕಾಗೊ ನಗರದ ಮುದುಕರನ್ನು ತಿನ್ನುತ್ತಾನೆ. ಅವರು ನಂಬಿದವರ ರೂಪದಲ್ಲೇ ಎದುರು ನಿಲ್ಲುತ್ತಾನೆ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಗುಲಿದರೆ ಮಾತ್ರ ಸಾಯುತ್ತಾನೆ. ರೂಪ ಬದಲಿಸುವುದು, ಆ ಬಾಣ, ಎರಡೂ ಹಾಗೆಯೇ ಪುಸ್ತಕಕ್ಕೆ ಇಳಿದವು. ಜೊತೆಗೆ ಚಿತ್ರಕಾರ ಡೇವಿಡ್ ಟ್ರ್ಯಾಂಪಿಯರ್ ಹುಲಿತಲೆ ಇಟ್ಟು, ಸಾಹೇಬರ ಕೋಟು ತೊಡಿಸಿ, ಕೈಗೆ ಪೈಪು ಕೊಟ್ಟ. ಅಂದಿನಿಂದ ಅವರ ಪಾಲಿಗೆ ರಾಕ್ಷಸನೆಂದರೆ ಹುಲಿ.

ಮೊದಲು ನನಗೆ ನಗು ಬಂತು, ಆಮೇಲೆ ಸಿಟ್ಟು. 1980ರ ಇನ್ನೊಂದು ಪುಸ್ತಕದಲ್ಲಿ ಇಂದ್ರ, ಅಗ್ನಿ, ಕಾಳಿಯರಿಗೂ ಅವರು ಅಂಕ ಹಾಕಿದ್ದಾರೆ. ಆ ದಶಕದಲ್ಲಿ ಈ ಆಟ ಸೈತಾನನ ಪೂಜೆಯೆಂದು ಅಲ್ಲಿನ ಕೆಲವು ಕ್ರೈಸ್ತರು ಗಲಾಟೆಯೆಬ್ಬಿಸಿದಾಗ, 1989ರ ಆವೃತ್ತಿಯಿಂದ ‘ಡೀಮನ್’, ‘ಡೆವಿಲ್’ಗಳನ್ನು ಕೈಬಿಟ್ಟರು, 1991ರಲ್ಲಿ ‘ತನಾರಿ’, ‘ಬಾಟೆಝು’ ಎಂಬ ಹೊಸ ಹೆಸರಿಟ್ಟು ಮತ್ತೆ ಒಳಗೆ ತಂದರು. ರಾಕ್ಷಸನ ಹೆಸರು ಮಾತ್ರ ಹಾಗೆಯೇ ಇತ್ತು. ಅವನ ಪರವಾಗಿ ಮುನಿಸಿಕೊಳ್ಳುವವರು ಅಲ್ಲಿ ಯಾರಿದ್ದರು?

ಆದರೆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಕಡೆಯ ತೆಂಕುತಿಟ್ಟಿನ ಯಕ್ಷಗಾನದಲ್ಲೂ ವಿಂಗಡಣೆ ಉಂಟು. ರಾವಣನಂಥವರಿಗೆ ರಾಜಬಣ್ಣ, ಶೂರ್ಪನಖಿಯಂಥವರಿಗೆ ಹೆಣ್ಣುಬಣ್ಣ. ಮಹಿಷಾಸುರ ಅಬ್ಬರಿಸುತ್ತ ಜನರ ನಡುವಿನಿಂದ ಬಂದಾಗ ಚಿಕ್ಕವಳಿದ್ದ ನಾನು ಅಮ್ಮನ ಸೆರಗಿನೊಳಗೆ ಸೇರಿಕೊಂಡದ್ದುಂಟು. ಅವನ ತಾಯಿ ಯಾರೆಂದು ಆಗ ಕೇಳಿದವಳಲ್ಲ. ಆದರೆ ಬೆಳಗಾಗುವುದರೊಳಗೆ ಎಲ್ಲ ತಿಳಿಯುತ್ತಿತ್ತು. ಯಾವ ತಪಸ್ಸು, ಯಾವ ವರ, ಯಾರ ಸಾವಿಗೆ ಈ ಸೇಡು. ಹೆಣ್ಣುಬಣ್ಣದ ಶೂರ್ಪನಖಿ ಮರೆಯಾಗಿ ಮಾಯಾ ಶೂರ್ಪನಖಿ ಸ್ತ್ರೀವೇಷದಲ್ಲಿ ಬಂದು ರಾಮನ ಮುಂದೆ ನಾಚುವಾಗ ಹೆಂಗಸರ ಸಾಲು ನಿಶ್ಶಬ್ದವಾಗುತ್ತಿತ್ತು. ಪುಸ್ತಕದ ರಾಕ್ಷಸನಿಗೆ ಹುಲಿಮುಖ ಬಂದದ್ದು ನನಗೆ ಅಷ್ಟು ಬೇಸರವಲ್ಲ. ಅವನಿಗೆ ಅಕ್ಕತಂಗಿಯರಿಲ್ಲ, ತಮ್ಮ ವಿಭೀಷಣನಿಲ್ಲ. ಕೊಲ್ಲಬೇಕಾದವನು ಅಷ್ಟೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಪೆನ್ಸಿಲ್ ಕಚ್ಚುತ್ತ, “ತಂಗಿ ಇದ್ದರೆ ಇವರು ಹೊಡೆಯುವುದು ಯಾರಿಗೆ?” ಎಂದ. ನ್ಯಾಯವಾದ ಪ್ರಶ್ನೆ. ಕೊನೆಗೆ ರಾಕ್ಷಸನನ್ನು ಇಟ್ಟುಕೊಂಡ. ಬಾಗಿಲಲ್ಲಿ ಅವನ ತಂಗಿಯನ್ನು ನಿಲ್ಲಿಸಿದ.

ಸಂಜೆ ಆಟ ಅಲ್ಲಿಗೆ ಬಂತು. ದೊಡ್ಡವನು ಅಡ್ಡಬಿಲ್ಲು ಎತ್ತಿದೆನೆಂದು ದಾಳ ಕೈಗೆ ತೆಗೆದುಕೊಂಡ. ಪಕ್ಕದ ಮನೆಯ ಚಿಕ್ಕ ಹುಡುಗಿ ಅವನ ಕೈ ಹಿಡಿದು, “ನಿಲ್ಲು ಮಾರಾಯ, ಮೊದಲು ಅವಳ ಹೆಸರು ಕೇಳುವ” ಎಂದಳು. ನಮ್ಮ ಹುಡುಗ ಹೆಸರು ಬರೆದಿಟ್ಟುಕೊಂಡಿರಲಿಲ್ಲ. ಪುಸ್ತಕ ತಿರುವಿದ, ಆಮೇಲೆ ನನ್ನ ಕಡೆ ನೋಡಿದ.

“ಕುಂಭೀನಸಿ” ಎಂದೆ, ಕೆಂಪು ಪೆನ್ನು ಕೆಳಗಿಟ್ಟು.