ಹಡಗಲಿ ಸೀಮೆಯಿಂದ ಕುಮಟೆಗೆ: ಹತ್ತಿಯ ದಾರಿ ಮತ್ತು ಪ್ರಾಂತಗಳ ಗಡಿ

ಸರಕು ಸಾಗಾಣಿಕೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬಂದರಿನಿಂದ ಆರಂಭಿಸುತ್ತಾರೆ. ಲೆಕ್ಕಪತ್ರಗಳು ಅಲ್ಲಿ ಹೇರಳವಾಗಿರುವುದೇ ಇದಕ್ಕೆ ಕಾರಣ. ಆದರೆ ಆ ಸರಕು ಎಲ್ಲಿ ಬೆಳೆಯಿತು, ಯಾರ ಎತ್ತುಗಳು ಅದನ್ನು ಹೊತ್ತವು, ಎಷ್ಟು ಗಡಿಗಳನ್ನು ದಾಟಿತು ಎಂಬುದನ್ನು ಅರಿಯಬೇಕಾದರೆ ಒಳನಾಡಿನಿಂದಲೇ ಹೊರಡಬೇಕಾಗುತ್ತದೆ. ಆದುದರಿಂದ ನಾವು ತುಂಗಭದ್ರೆಯ ಬಲದಂಡೆಯ ಸೀಮೆಗೆ ಸೇರಿದ ಹಿರೇಹಡಗಲಿಯಿಂದ ಈ ವಿಚಾರವನ್ನು ಆರಂಭಿಸುತ್ತೇವೆ.

ಈ ಊರಿನಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ದತ್ತಿಗೆ ಕೊಟ್ಟ ವಿನಾಯಿತಿಗಳಲ್ಲಿ ಉಪ್ಪು ಬೆಲ್ಲಗಳ ಉಪದ್ರವದಿಂದಲೂ, ಸರದಿಯಂತೆ ಎತ್ತುಗಳನ್ನು ಹಿಡಿಯುವುದರಿಂದಲೂ ಬಿಡುಗಡೆ ಸೇರಿದೆ. ವಿನಾಯಿತಿಯನ್ನು ಬರೆದಿಡಬೇಕಾಯಿತೆಂದರೆ, ಉಳಿದೆಡೆ ಆ ಹೊರೆ ರೂಢಿಯಲ್ಲಿತ್ತೆಂದೇ ಊಹಿಸಬೇಕು. ಸಾಗಾಣಿಕೆಯ ಭಾರವನ್ನು ಹಳ್ಳಿಯ ಎತ್ತೇ ಹೊತ್ತಿತೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವು ಈ ಸೀಮೆಯಲ್ಲಿ ವಿರಳ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಎತ್ತು ಹತ್ತಿಯನ್ನು ಹೊತ್ತಿತು. ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದು ಮದರಾಸಿಗೆ ಸೇರಿತು. ಹೊಳೆಯಾಚೆಯ ಧಾರವಾಡವು 1818ರಲ್ಲಿ ಪೇಶ್ವೆಯ ಪತನದೊಡನೆ ಕಂಪನಿಯ ವಶವಾಗಿ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತು. ಕುಮಟೆಯಿದ್ದ ಕನ್ನಡ ಜಿಲ್ಲೆಯಾದರೋ ಪುನಃ ಮದರಾಸಿನದು. ಹೀಗೆ ಹಡಗಲಿ ಸೀಮೆಯಿಂದ ಧಾರವಾಡದ ಮೂಲಕ ಪಶ್ಚಿಮ ಸಮುದ್ರಕ್ಕೆ ಹೊರಟ ಹೇರು ಮದರಾಸು, ಮುಂಬಯಿ, ಮದರಾಸು ಎಂದು ಗಡಿ ದಾಟಿ, ಕುಮಟೆಯಿಂದ ಹಾಯಿಹಡಗಿನಲ್ಲಿ ಮತ್ತೆ ಮುಂಬಯಿ ಬಂದರಿಗೆ ಹೋಗಬೇಕಾಗಿತ್ತು. ಆಡಿದ ಭಾಷೆ ದಾರಿಯುದ್ದಕ್ಕೂ ಒಂದೇ. ಆಳಿದ ಕಚೇರಿಗಳು ಮಾತ್ರ ಬೇರೆ ಬೇರೆ.

ಕಾಲವೂ ಅನುಕೂಲವಾಗಿರಲಿಲ್ಲ. ಎರೆಭೂಮಿಯ ಹತ್ತಿ ಬಿಡಿಸುವುದು ಬೇಸಗೆಯ ಹೊತ್ತಿಗೆ. ಮುಂಗಾರು ಇಳಿದರೆ ಕುಮಟೆಯ ತೆರೆದ ಕಡಲಲ್ಲಿ ಹಡಗಿನ ಸಂಚಾರವಿಲ್ಲ. ಈ ಕೆಲವೇ ತಿಂಗಳುಗಳಲ್ಲಿ ಬಂಡಿಗಳೂ ಲಂಬಾಣಿಗಳ ಹೇರೆತ್ತುಗಳೂ ಘಟ್ಟವನ್ನಿಳಿಯಬೇಕು. ತಡವಾದ ಹತ್ತಿಯು ಮಳೆಗಾಲ ಕಳೆಯುವವರೆಗೆ ಕಾಯಬೇಕು. ಹಿಂದಿರುಗುವಾಗ ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಆಗರಗಳ ಉಪ್ಪು ಘಟ್ಟವನ್ನೇರುತ್ತಿತ್ತು. ಮರುಹೇರು ಇದ್ದುದರಿಂದಲೇ ಈ ದಾರಿ ಬಾಳಿತೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಅಂತರ್ಯುದ್ಧವು (1861-65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರವನ್ನು ತಂದಾಗ, ಅಷ್ಟುಕಾಲ ಅಚಲವಾಗಿದ್ದ ಗಡಿಯೂ ಸರಿಯಿತು. ಧಾರವಾಡದ ಹತ್ತಿಗೆ ಬೇಕಾದ ಘಟ್ಟದ ರಸ್ತೆಗಳನ್ನು ಮಾಡಿಸಲು ಮದರಾಸಿಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. ವರ್ತಕರ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಕಾರವಾರ ಬಂದರು ಬೆಳೆಯತೊಡಗಿತು. ಬಳ್ಳಾರಿ ಮಾತ್ರ ಮದರಾಸಿನಲ್ಲಿಯೇ ಉಳಿಯಿತು. ಸರಕಿಗಾಗಿ ಗಡಿ ಸರಿದುದು ನಿಜ; ಆದರೆ ಅದು ಯಾರ ಅನುಕೂಲಕ್ಕಾಗಿ ಸರಿಯಿತೆಂಬುದನ್ನು ನಾವು ಮರೆಯಬಾರದು.

ಅನಂತರ ರೈಲು ಬಂದಿತು. ಬಳ್ಳಾರಿ-ಹೊಸಪೇಟೆ ಮಾರ್ಗವು 1884ರಲ್ಲಿ ತೆರೆಯಿತು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಫಲವಾಗಿ, ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯ ಕಡೆಯ ಹಳಿಗಳು ಪರರಾಜ್ಯದ ಬಂದರಾದ ಮುರ್ಮುಗೋವೆಯನ್ನು ಮುಟ್ಟಿದವು. ಕುಮಟೆಯ ಹತ್ತಿ ವ್ಯಾಪಾರ ಕುಗ್ಗಿತು. ಆದರೂ ಮಾರುಕಟ್ಟೆಯಲ್ಲಿ ಆ ಹತ್ತಿಯ ತಳಿಗೆ ‘ಕುಮಟಾ’ ಎಂಬ ಹೆಸರೇ ಉಳಿಯಿತು. ಕುಮಟೆಯಲ್ಲಿ ಅದು ಬೆಳೆಯುತ್ತಿರಲಿಲ್ಲ, ಹಡಗನ್ನೇರಿದ್ದಷ್ಟೇ ಅಲ್ಲಿ. ಬೆಳೆದ ಎರೆನೆಲಕ್ಕೂ ಹೊತ್ತ ಎತ್ತಿಗೂ ಆ ಹೆಸರಿನಲ್ಲಿ ಪಾಲಿಲ್ಲ.

1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳೂ, 1956ರಲ್ಲಿ ಧಾರವಾಡ ಮತ್ತು ಉತ್ತರ ಕನ್ನಡಗಳೂ ಮೈಸೂರು ರಾಜ್ಯವನ್ನು ಸೇರಿದವು. ಹೊಲ, ದಾರಿ, ಬಂದರು ಮೂರೂ ಒಂದೇ ಆಡಳಿತಕ್ಕೆ ಬಂದವು; ಆದರೆ ಅಷ್ಟರಲ್ಲಿ ಅದು ಹತ್ತಿಯ ದಾರಿಯಾಗಿ ಉಳಿದಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಹೊಸಪೇಟೆ-ಸಂಡೂರುಗಳ ಅದಿರು ಲಾರಿಗಳಲ್ಲಿ ಕಾರವಾರ, ಬೇಲೆಕೇರಿಗಳಿಗೆ ಇಳಿದು, 2010ರಲ್ಲಿ ರಾಜ್ಯದ ಬಂದರುಗಳಿಂದ ಅದರ ರಫ್ತು ನಿಷೇಧವಾದಾಗಲೂ ನಾಡು ಬಂದರಿನ ರಾಶಿಯನ್ನೇ ಹೆಚ್ಚಾಗಿ ನೋಡಿತು. ಆದುದರಿಂದ ನಮ್ಮ ವಿದ್ಯಾರ್ಥಿಗಳು ಬಂದರಿನ ಕಡತಗಳೊಡನೆ ಶಾನುಭೋಗರ ಲೆಕ್ಕಗಳನ್ನೂ ಹಳೆಯ ಅಂಗಡಿಗಳ ಖಾತೆಗಳನ್ನೂ ಓದಬೇಕು. ಪಲ್ಲವರ ಶಾಸನವು ನೆನೆದ ಎತ್ತನ್ನು ನಮ್ಮ ಚರಿತ್ರೆಯು ಮರೆಯುವುದು ಉಚಿತವಲ್ಲ.