ಬಾಳೆಯ ಎರಡು ಹೆಸರು

ಬಾಳೆಕಾಯಿ, ಬಾಳೆಹಣ್ಣು ಎನ್ನುವಾಗ ನಾವು ಒಂದೇ ವಸ್ತುವಿನ ಎರಡು ವಯಸ್ಸುಗಳನ್ನು ಹೇಳುತ್ತೇವೆ. ಇಂಗ್ಲಿಷರ ಕ್ರಮ ಬೇರೆ. ಸುಲಿದು ತಿನ್ನತಕ್ಕದ್ದು ಅವರಿಗೆ ‘ಬನಾನ’, ಬೇಯಿಸಿ ತಿನ್ನತಕ್ಕದ್ದು ‘ಪ್ಲಾಂಟೇನ್’. ಆದರೆ ನಮ್ಮ ದೇಶಕ್ಕೆ ಬಂದ ಇಂಗ್ಲಿಷರೇ ಬಾಳೆಯೆಲ್ಲವನ್ನೂ ಪ್ಲಾಂಟೇನೆಂದು ಕರೆದರು; ಆ ರೂಢಿ ನಮ್ಮ ಹಿರಿಯರ ಇಂಗ್ಲಿಷಿನಲ್ಲಿ ಬಹುಕಾಲ ಉಳಿದಿತ್ತು. ಈ ತೊಡಕು ಮಾತಿನಲ್ಲಿಯೇ ನಿಂತಿದ್ದರೆ ಬಾಧಕವಿರಲಿಲ್ಲ. ಅದು ಶಾಸ್ತ್ರವನ್ನೂ ಹೊಕ್ಕಿತು.

ಸ್ವೀಡನ್ನಿನ ಲಿನೇಯಸ್ ಪಂಡಿತನು 1736ರಲ್ಲಿ, ಹಾಲೆಂಡಿನ ಧನಿಕನೊಬ್ಬನ ತೋಟದಲ್ಲಿ ಬಾಳೆ ಹೂ ಬಿಟ್ಟುದನ್ನು ಕಂಡು, ಅದರ ಮೇಲೆ ಒಂದು ಪುಸ್ತಕವನ್ನೇ ಬರೆದನು. 1753ರಲ್ಲಿ ಅಡುಗೆಯ ಬಾಳೆಗೆ ‘ಮ್ಯೂಸ ಪ್ಯಾರಡಿಸಿಯಾಕ’ ಎಂದು ಹೆಸರಿಟ್ಟನು: ಸ್ವರ್ಗೋದ್ಯಾನದ ಬಾಳೆ. ಏದನ್ ತೋಟದ ನಿಷಿದ್ಧಫಲ ಇದೇ ಎಂಬ ಐತಿಹ್ಯವೊಂದಿತ್ತು. 1759ರಲ್ಲಿ ತಿನ್ನುವ ಬಾಳೆಗೆ ‘ಮ್ಯೂಸ ಸೇಪಿಯೆಂಟಮ್’ ಎಂದನು: ಜ್ಞಾನಿಗಳ ಬಾಳೆ. ಹಿಂದೂದೇಶದ ಜ್ಞಾನಿಗಳು ಒಂದು ಬಗೆಯ ಹಣ್ಣನ್ನು ತಿಂದು ಜೀವಿಸುವರೆಂದು ರೋಮಿನ ಪ್ಲಿನಿ ಬರೆದಿದ್ದುದನ್ನು ಬಾಳೆಗೆ ಹೊಂದಿಸಿದ್ದರು. ಹೆಸರುಗಳೇನೋ ಸೊಗಸಾಗಿವೆ. ವಿಭಾಗ ಮಾತ್ರ ನಿಲ್ಲಲಿಲ್ಲ.

1955ರಲ್ಲಿ ಸಿಮಂಡ್ಸ್, ಶೆಫರ್ಡ್ ಎಂಬಿಬ್ಬರು ವಿದ್ವಾಂಸರು ತೋರಿಸಿದ್ದೇನೆಂದರೆ, ನಾವು ಬೆಳೆಯುವ ಬಾಳೆಗಳಲ್ಲಿ ಬಹುಪಾಲು ಬೀಜ ತುಂಬಿದ ಎರಡು ಕಾಡುಬಾಳೆಗಳ ಸಂತಾನ. ಒಂದು ಅಕ್ಯುಮಿನಾಟ, ಇನ್ನೊಂದು ಬಾಲ್ಬಿಸಿಯಾನ. ಲಿನೇಯಸನು ಬೇರೆ ಮಾಡಿದ ಎರಡರಲ್ಲಿಯೂ ಮೊದಲನೆಯದರ ಎರಡು ಪಾಲು, ಎರಡನೆಯದರ ಒಂದು ಪಾಲು. ಅವನ ಜ್ಞಾನಿಗಳ ಬಾಳೆಯು ನಮ್ಮ ನಂಜನಗೂಡು ರಸಬಾಳೆಯ ಪಂಗಡದ್ದು. ಅಡುಗೆಯದು ಕೇರಳದ ನೇಂದ್ರಬಾಳೆಯ ಪಂಗಡದ್ದು. ಒಂದು ನಾಲಗೆಯ ಮೇಲೆ ಕರಗುತ್ತದೆ, ಇನ್ನೊಂದನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಕುಲ ಒಂದೇ! ಪೇಟೆಯಲ್ಲಿ ಗುರುತು ಹಿಡಿಯಬೇಕಾದವರು ಉದ್ದವನ್ನೂ ಏಣನ್ನೂ ಸಿಪ್ಪೆಯ ದಪ್ಪವನ್ನೂ ನೋಡಬಹುದು. ಆದರೆ ನಿಜವಾದ ಭೇದ ಒಳಗಿನದು. ರಸಬಾಳೆಯ ಪಿಷ್ಟವು ಮಾಗಿದಾಗ ಬಹುಮಟ್ಟಿಗೆ ಸಕ್ಕರೆಯಾಗುತ್ತದೆ; ನೇಂದ್ರದಲ್ಲಿ ಸಿಪ್ಪೆ ಹಳದಿಯಾದ ಮೇಲೆಯೂ ಪಿಷ್ಟ ಉಳಿದಿರುತ್ತದೆ.

ಇನ್ನು ಹಣ್ಣು ಮಾಡುವ ವಿಚಾರ. ಗೊನೆಯನ್ನು ಹುಲ್ಲಿನಲ್ಲಿ ಅಡೆ ಹಾಕುವುದು, ಗುಂಡಿಯಲ್ಲಿಟ್ಟು ಎಲೆ ಮುಚ್ಚಿ ಹೊಗೆ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕಾವಿನಿಂದ ಹಣ್ಣಾಗುತ್ತದೆಂದು ನಾವೂ ನಂಬಿದ್ದೆವು. ಕಾವು ನೆರವಾಗುವುದು ನಿಜ; ಮುಖ್ಯ ಕಾರಣ ಮಾತ್ರ ಬೇರೆ. 1901ರಲ್ಲಿ ರಷ್ಯಾದ ನೆಲ್ಯುಬೋವ್, ದೀಪದ ಅನಿಲದಲ್ಲಿರುವ ಎಥಿಲೀನ್ ಎಂಬುದು ಬಟಾಣಿಯ ಮೊಳಕೆಗಳನ್ನು ಸೊಟ್ಟಗೊಳಿಸುವುದೆಂದು ಕಂಡುಹಿಡಿದನು. 1934ರಲ್ಲಿ ಇಂಗ್ಲೆಂಡಿನ ಗೇನ್, ಮಾಗುವ ಹಣ್ಣುಗಳು ತಾವೇ ಅದನ್ನು ಹೊರಬಿಡುವುವೆಂದು ಸಿದ್ಧಪಡಿಸಿದನು. ಹೊಗೆಯಲ್ಲಿಯೂ ಅದಿದೆ. ಹಸಿರು ಚಿಪ್ಪಿನ ನಡುವೆ ಒಂದು ಹಣ್ಣನ್ನಿಟ್ಟು ಮುಚ್ಚುತ್ತಿದ್ದ ಅಜ್ಜಿಯರು ಅದರ ಹೆಸರನ್ನರಿಯದೆ ಅದನ್ನೇ ಬಳಸಿದರು.

ಪೇಟೆಯ ಆತುರ ಹೊಗೆಗೂ ಕಾಯಲಿಲ್ಲ, ಕಾರ್ಬೈಡ್ ಬಂದಿತು. ನೀರಿನ ಪಸೆ ತಗುಲಿದರೆ ಅದು ಅಸಿಟಿಲೀನನ್ನು ಬಿಡುತ್ತದೆ, ಜೊತೆಗೆ ಆರ್ಸೆನಿಕ್ಕಿನ ಸೋಂಕನ್ನೂ ತರಬಹುದು. ನಮ್ಮ ದೇಶದಲ್ಲಿ ಅದು ನಿಷಿದ್ಧ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷದಲ್ಲಿ ನೂರು ಭಾಗದವರೆಗೆ ಅನುಮತಿಯುಂಟು. ಬಲಿಯುವ ಮುನ್ನ ಕಡಿದ ಗೊನೆಗೆ ಬಣ್ಣ ಬರಿಸಬಹುದು, ರುಚಿ ಬರಿಸಲಾಗದು. ಹಸಿರು ಕಾಯಿಯನ್ನು ಶೀತಪೆಟ್ಟಿಗೆಯಲ್ಲಿಡುವುದೂ ಕೆಟ್ಟದ್ದೇ: ಸುಮಾರು 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಿಡುತ್ತದೆ, ಮಾಗುವುದು ಕೆಡುತ್ತದೆ.

ಲಿನೇಯಸನು ಜ್ಞಾನಿಗಳಿಗೆ ಮೀಸಲಿಟ್ಟ ಹಣ್ಣಿನ ನೆಂಟನಾದ ರಸಬಾಳೆ ಪನಾಮ ಸೊರಗುರೋಗಕ್ಕೆ ಸಿಕ್ಕಿ ನಂಜನಗೂಡಿನ ಹೊಲಗಳಲ್ಲಿಯೇ ವಿರಳವಾಗಿದೆ. ದೊರೆತವರು ಸಿಪ್ಪೆ ತೆಳುವಾಗುವತನಕ ಕಾಯಬೇಕು.