ಬೇಕರಿ ಫ್ರಾಂಚೈಸಿಗಳಲ್ಲಿ ವಲಯ ಹಕ್ಕು

ಒಂದೇ ಹೆಸರಿನ ಬೇಕರಿಗಳನ್ನು ಬೇರೆ ಬೇರೆ ಮಾಲೀಕರು ನಡೆಸುವಾಗ, ಗೊತ್ತುಪಡಿಸಿದ ಪ್ರದೇಶದೊಳಗೆ ಅದೇ ಹೆಸರಿನ ಇನ್ನೊಂದು ಅಂಗಡಿಗೆ ಅವಕಾಶ ಕೊಡುವುದಿಲ್ಲವೆಂದು ಮೂಲ ಕಂಪನಿ ಬರೆದುಕೊಡುವ ಕರಾರೇ ವಲಯ ಹಕ್ಕು. ಅಂಗಡಿಯ ಸುತ್ತಲಿನ ಇಂತಿಷ್ಟು ಕಿಲೋಮೀಟರ್, ಪಿನ್‌ಕೋಡ್, ಊರಿನ ಎಲ್ಲೆ ಅಥವಾ ಜನಸಂಖ್ಯೆಯನ್ನು ಆಧರಿಸಿ ವಲಯವನ್ನು ಗುರುತಿಸುತ್ತಾರೆ. ಈ ಕರಾರು ಕಂಪನಿಯನ್ನು ಕಟ್ಟಿಹಾಕುತ್ತದೆ, ಗಿರಾಕಿಯನ್ನಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ಬೇಕಾದವರು ಪಕ್ಕದ ವಲಯದ ಅಂಗಡಿಗೆ ಹೋದರೆ ತಡೆಯುವವರಿಲ್ಲ.

ಜಗಳದ ಬೇರು ಲೆಕ್ಕದಲ್ಲಿದೆ. ಕಂಪನಿಗೆ ಸಲ್ಲುವ ರಾಯಲ್ಟಿ ಸಾಮಾನ್ಯವಾಗಿ ಮಾರಾಟದ ಮೇಲೆ, ಲಾಭದ ಮೇಲಲ್ಲ. ಉದಾಹರಣೆಗೆ, ಒಂದು ಬೇಕರಿಯ ತಿಂಗಳ ವ್ಯಾಪಾರ 10 ಲಕ್ಷ ರೂಪಾಯಿ, ರಾಯಲ್ಟಿ ಶೇ. 5 ಎಂದಿಟ್ಟುಕೊಳ್ಳೋಣ, ಕಂಪನಿಗೆ ಸಿಗುವುದು 50 ಸಾವಿರ. ಹತ್ತಿರದಲ್ಲೇ ಎರಡನೆಯ ಅಂಗಡಿ ತೆರೆದು ಎರಡೂ ತಲಾ 7 ಲಕ್ಷ ವ್ಯಾಪಾರ ಮಾಡಿದರೆ ಕಂಪನಿಯ ಪಾಲು 70 ಸಾವಿರಕ್ಕೆ ಏರುತ್ತದೆ. ಮೊದಲ ಮಾಲೀಕನ ಬಾಡಿಗೆ, ಓವನ್ನಿನ ಸಾಲದ ಕಂತು, ಕೆಲಸಗಾರರ ಸಂಬಳ ಮಾತ್ರ ಇಳಿಯುವುದಿಲ್ಲ. ಬೇಕರಿಯಲ್ಲಿ ಈ ಪೆಟ್ಟು ಇನ್ನೂ ಜೋರು: ಬ್ರೆಡ್ಡು, ಪಫ್ಸು, ಕ್ರೀಮ್ ಕೇಕು ಸಂಜೆಯೊಳಗೆ ಖರ್ಚಾಗದಿದ್ದರೆ ಬಹುಪಾಲು ನಷ್ಟವೇ. ಕಂಪನಿಗೆ ಲಾಭ ತರುವ ಅದೇ ನಿರ್ಧಾರ ಮಾಲೀಕನನ್ನು ಮುಳುಗಿಸಬಹುದು ಎಂಬುದನ್ನು ಸಹಿ ಹಾಕುವ ಮುನ್ನ ಲೆಕ್ಕ ಹಾಕಿ ನೋಡುವವರು ಕಡಿಮೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಫ್ರಾಂಚೈಸಿ ನಿಯಮ, 2007ರ ತಿದ್ದುಪಡಿಯ ನಂತರ, ಈ ವಿಷಯದಲ್ಲಿ ನೇರವಾಗಿದೆ. ಮಾಹಿತಿ ದಸ್ತಾವೇಜಿನ 12ನೇ ಅಂಶದಲ್ಲಿ ವಲಯದ ವಿವರ ಇರಬೇಕು. ಪ್ರತ್ಯೇಕ ವಲಯ ಕೊಡದಿದ್ದರೆ, ಇತರ ಫ್ರಾಂಚೈಸಿಗಳಿಂದಲೂ ಕಂಪನಿಯ ಸ್ವಂತ ಮಳಿಗೆಗಳಿಂದಲೂ ಪೈಪೋಟಿ ಬರಬಹುದೆಂದು ಎಚ್ಚರಿಸಲೇಬೇಕು. ಈ ದಸ್ತಾವೇಜು ಸಹಿಗೆ ಕನಿಷ್ಠ 14 ದಿನ ಮೊದಲು ಕೈಸೇರಬೇಕು. ವಲಯದ ಬಗ್ಗೆ ಕರಾರು ಮೌನವಾಗಿದ್ದರೆ ಏನು ಗತಿ ಎಂಬುದರಲ್ಲಿ ಅಲ್ಲಿನ ನ್ಯಾಯಾಲಯಗಳು ಒಮ್ಮತಕ್ಕೆ ಬಂದಿಲ್ಲ. ಬರ್ಗರ್ ಕಿಂಗ್ ವಿರುದ್ಧದ 1991ರ ಶೆಕ್ ಪ್ರಕರಣದಲ್ಲಿ ಫ್ಲಾರಿಡಾದ ನ್ಯಾಯಾಲಯ ಫ್ರಾಂಚೈಸಿದಾರನ ವಾದಕ್ಕೆ ಕಿವಿಗೊಟ್ಟಿತು; 1999ರಲ್ಲಿ ವೀವರ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಆ ತರ್ಕವನ್ನು ಒಪ್ಪಲಿಲ್ಲ.

ಡೋನಟ್ ವ್ಯಾಪಾರದ ದೊಡ್ಡ ಮೊಕದ್ದಮೆ ನಡೆದದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ. 1990ರ ದಶಕದ ಕೊನೆಯಿಂದ ಟಿಮ್ ಹಾರ್ಟನ್ಸ್ ಅಲ್ಲಿ ಭರದಿಂದ ಹರಡಿತು. ಡಂಕಿನ್ ಡೋನಟ್ಸ್‌ನ ಗಿರಾಕಿಗಳು ಅತ್ತ ಸರಿದರು, ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಗಂಡಾಂತರವನ್ನು ಮೊದಲು ಕಂಡು ಎಚ್ಚರಿಸಿದವರು ಫ್ರಾಂಚೈಸಿದಾರರೇ. ಕಂಪನಿ ತಕ್ಕ ಕ್ರಮ ಕೈಗೊಳ್ಳಲಿಲ್ಲವೆಂದು ಬರ್ಟಿಕೊ ಎಂಬ ಸಂಸ್ಥೆಯೂ ಸೇರಿ ಹಲವರು ದಾವೆ ಹೂಡಿದರು. 2012ರಲ್ಲಿ ಸುಪೀರಿಯರ್ ಕೋರ್ಟ್ ಸುಮಾರು 1.64 ಕೋಟಿ ಕೆನಡಿಯನ್ ಡಾಲರ್ ಪರಿಹಾರ ವಿಧಿಸಿತು; 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಮೊತ್ತವನ್ನು ಸುಮಾರು 1.09 ಕೋಟಿಗೆ ಇಳಿಸಿದರೂ ಹೊಣೆಯನ್ನು ಎತ್ತಿಹಿಡಿಯಿತು. ಪೈಪೋಟಿಯೇ ಬಾರದಂತೆ ನೋಡಿಕೊಳ್ಳುವ ಖಾತರಿಯನ್ನು ಕಂಪನಿ ಕೊಡಬೇಕಿಲ್ಲ. ಆದರೆ ಹೆಸರಿನ ಬೆಲೆ ಕುಸಿಯದಂತೆ ಸಮಂಜಸ ಪ್ರಯತ್ನ ಮಾಡುವುದು ಕರಾರಿನಲ್ಲೇ ಅಡಗಿದ ಕರ್ತವ್ಯ ಎಂಬುದು ತೀರ್ಪಿನ ಸಾರ. ಹೊರಗಿನ ಪ್ರತಿಸ್ಪರ್ಧಿ ಕಿತ್ತುಕೊಂಡ ಗಿರಾಕಿಗಳ ವಿಷಯದಲ್ಲೂ ಕಂಪನಿಯನ್ನು ಪ್ರಶ್ನಿಸಬಹುದೆಂದು ಇದು ತೋರಿಸಿತು. ಸಣ್ಣ ಮಾಲೀಕರ ಮಟ್ಟಿಗೆ ಇದು ಬಹು ಬೆಲೆಯುಳ್ಳ ತೀರ್ಪು.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ವ್ಯಾಪಾರಕ್ಕೆ ಅಡ್ಡಿಮಾಡುವ ಕರಾರನ್ನು ಅಸಿಂಧು ಎನ್ನುತ್ತದೆ. ಆದರೆ ಕರಾರು ಜಾರಿಯಲ್ಲಿರುವಷ್ಟು ಕಾಲ ಫ್ರಾಂಚೈಸಿದಾರ ಪ್ರತಿಸ್ಪರ್ಧಿಯ ಸರಕನ್ನು ಮುಟ್ಟಬಾರದೆಂಬ ಷರತ್ತು ಇದಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟ್ 1995ರ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಹೇಳಿತು. ಮಾರಾಟದ ಪ್ರದೇಶ ಹಂಚುವ ಕರಾರುಗಳು 2002ರ ಸ್ಪರ್ಧಾ ಕಾಯ್ದೆಯ 3(4)ನೇ ಕಲಮಿನಡಿ ಬರುತ್ತವೆ; ಸ್ಪರ್ಧೆಗೆ ಗಣನೀಯ ಧಕ್ಕೆಯಾದರಷ್ಟೇ ಅವು ತಪ್ಪು. ಕರ್ನಾಟಕದ ಅಯ್ಯಂಗಾರ್ ಬೇಕರಿಗಳು ಈ ಚೌಕಟ್ಟಿಗೇ ಸೇರುವುದಿಲ್ಲ. ಹೆಸರು ಒಂದೇ ಆದರೂ ಅದರ ಹಿಂದೆ ಒಂದು ಕಂಪನಿಯಿಲ್ಲ. ಹಾಗಾಗಿ ಒಂದೇ ರಸ್ತೆಯಲ್ಲಿ ಎರಡು ಅಂಗಡಿಗಳಿದ್ದರೂ ವಲಯದ ತಕರಾರು ಏಳದು.

ಮೊಬೈಲ್ ಆರ್ಡರುಗಳು ಬಂದಮೇಲೆ ನಕ್ಷೆಯ ಗೆರೆ ಇನ್ನಷ್ಟು ಮಸುಕಾಗಿದೆ. ಆ್ಯಪ್‌ನಲ್ಲಿ ಗಿರಾಕಿಗೆ ಯಾವ ಅಂಗಡಿ ಕಾಣಬೇಕೆಂಬುದನ್ನು ಡೆಲಿವರಿಯ ದೂರವೂ ಹೊತ್ತೂ ನಿರ್ಧರಿಸುತ್ತವೆ. ಐರೋಪ್ಯ ಒಕ್ಕೂಟದ 2022ರ ನಿಯಮಾವಳಿ ಇಲ್ಲೊಂದು ಭೇದ ಮಾಡುತ್ತದೆ: ಪರರ ಪ್ರತ್ಯೇಕ ವಲಯಕ್ಕೆ ತಾನಾಗಿ ಹೋಗಿ ಗಿರಾಕಿಗಳನ್ನು ಸೆಳೆಯುವುದನ್ನು ಕರಾರಿನಿಂದ ತಡೆಯಬಹುದು, ತಾವಾಗಿ ಬಂದು ಕೇಳಿದವರಿಗೆ ಮಾರುವುದನ್ನು ತಡೆಯುವಂತಿಲ್ಲ. ನಮ್ಮಲ್ಲಿ ಹೊಸದಾಗಿ ಕರಾರು ಮಾಡಿಕೊಳ್ಳುವವರು ಆನ್‌ಲೈನ್ ಆರ್ಡರ್, ಕಚೇರಿಗಳಿಗೆ ಸಗಟು ಸರಬರಾಜು, ಸೂಪರ್ ಮಾರ್ಕೆಟ್ಟಿನ ಮಾರಾಟ, ಈ ಮೂರೂ ಯಾರ ಖಾತೆಗೆ ಸೇರುತ್ತವೆಂದು ಬರಹದಲ್ಲೇ ಪಡೆಯುವುದು ಅಗತ್ಯ.